ಇನ್ನೂರ ಒಂದನೇ ಯೂನಿಟ್‌ನ ಬೆಲೆ

ಹೈದರಾಬಾದಿನಲ್ಲಿ ಒಂದೇ ಒಂದು ಯೂನಿಟ್ ಕರೆಂಟಿಗೆ 207 ರೂಪಾಯಿ 70 ಪೈಸೆ ಬೀಳುವುದುಂಟು. ಮೀಟರು ಕೆಟ್ಟು ಹೀಗಾಗುವುದಲ್ಲ, ಬಿಲ್ ಮಾಡುವವರ ಕೈತಪ್ಪೂ ಅಲ್ಲ. ದರಪಟ್ಟಿ ಇರುವುದೇ ಹಾಗೆ.

ತೆಲಂಗಾಣ ವಿದ್ಯುತ್ ನಿಯಂತ್ರಣ ಆಯೋಗ 2022-23ರ ಸಾಲಿಗೆ ಮನೆ ಬಳಕೆಗೆ ಗೊತ್ತುಮಾಡಿದ ದರವನ್ನು ನೋಡಿದರೆ ಇದು ಅರ್ಥವಾಗುತ್ತದೆ. ತಿಂಗಳಿಗೆ 200 ಯೂನಿಟ್ ಸುಡುವ ಮನೆಗೆ ಮೊದಲ ನೂರು ಯೂನಿಟ್‌ಗೆ ತಲಾ 3.40 ರೂಪಾಯಿ, ಮುಂದಿನ ನೂರಕ್ಕೆ ತಲಾ 4.80. ಒಟ್ಟು 820 ರೂಪಾಯಿ. ಅದೇ ಮನೆ 201 ಯೂನಿಟ್ ಸುಟ್ಟರೆ ಅದು ಬೇರೆಯೇ ವರ್ಗಕ್ಕೆ ಸೇರುತ್ತದೆ. ಆಗ ಮೊದಲ ಇನ್ನೂರು ಯೂನಿಟ್‌ಗೂ ತಲಾ 5.10 ರೂಪಾಯಿ, ಇನ್ನೂರ ಒಂದನೆಯದಕ್ಕೆ 7.70. ಒಟ್ಟು 1,027 ರೂಪಾಯಿ 70 ಪೈಸೆ. ನಿಗದಿತ ಶುಲ್ಕ, ಗ್ರಾಹಕ ಶುಲ್ಕ, ತೆರಿಗೆಗಳು ಇದರ ಹೊರಗೆ. ನೂರರ ಗಡಿಯಲ್ಲೂ ಇಂಥದೇ ಒಂದು ಮೆಟ್ಟಿಲಿದೆ: 100 ಯೂನಿಟ್‌ಗೆ 252 ರೂಪಾಯಿ 50 ಪೈಸೆ, 101ಕ್ಕೆ 344 ರೂಪಾಯಿ 80 ಪೈಸೆ.

ಬಿಳಿ ರೇಷನ್ ಕಾರ್ಡಿನ ಮನೆಗಳಿಗೆ ಇನ್ನೂರರ ಗಡಿ ಇನ್ನೂ ದೊಡ್ಡದು. 2024ರ ಫೆಬ್ರುವರಿ ಕೊನೆಯಲ್ಲಿ ತೆಲಂಗಾಣ ಸರ್ಕಾರ ಆರಂಭಿಸಿದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಬಿಲ್ಲು ಸೊನ್ನೆ. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು.

ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವರಿಗೆ ಈ ಲೆಕ್ಕ ಹೊಸದೆನಿಸಬಹುದು. ಅಲ್ಲಿ 2024ರ ಏಪ್ರಿಲ್‌ನಿಂದ ಮನೆ ಬಳಕೆಗೆ ಯೂನಿಟ್‌ಗೆ ಒಂದೇ ದರ. ಹತ್ತನೆಯ ಯೂನಿಟ್‌ಗೂ ಇನ್ನೂರ ಹತ್ತನೆಯದಕ್ಕೂ ಬೆಲೆಯಲ್ಲಿ ಭೇದವಿಲ್ಲ. ಹೈದರಾಬಾದಿನಲ್ಲಿ ಹಾಗಲ್ಲ. ಇಲ್ಲಿ ಮೆಟ್ಟಿಲ ಅಂಚಿನಲ್ಲಿರುವ ಮನೆ ಉಳಿಸುವ ಇಪ್ಪತ್ತು ಮೂವತ್ತು ಯೂನಿಟ್‌ಗಳು ಇಡೀ ಬಿಲ್ಲನ್ನೇ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತವೆ. ಆ ಇಪ್ಪತ್ತು ಮೂವತ್ತು ಯೂನಿಟ್ ಎಷ್ಟೋ ಮನೆಗಳಲ್ಲಿ ಛಾವಣಿಗೂ ಗೋಡೆಗೂ ನೇತುಬಿದ್ದಿರುವ ಹಳೆಯ ದೀಪಗಳಲ್ಲೇ ಸಿಗುತ್ತವೆ.

ವಾಟ್ ಖರ್ಚು, ಲೂಮೆನ್ ಬೆಳಕು

ಗುಂಡು ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಕೆಂಪಗೆ ಕಾದು ಬೆಳಕು ಕೊಡುತ್ತದೆ. ಅದು ಎಳೆದುಕೊಳ್ಳುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿಸಿಯಾಗಿ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಅದು ಕೋಣೆಯೊಳಗಿನ ಸಣ್ಣ ಒಲೆ. ಎಸಿ ಇರುವ ಮನೆಯಲ್ಲಿ ಆ ಬಿಸಿಯನ್ನು ಹೊರಹಾಕಲು ಮತ್ತೆ ಕರೆಂಟು ಬೇಕು.

ಎಲ್‌ಇಡಿಯಲ್ಲಿ ಕಾಯುವ ತಂತಿ ಇಲ್ಲ. ಅರೆವಾಹಕದ ಒಂದು ಸಣ್ಣ ಚಿಪ್ ವಿದ್ಯುತ್ತನ್ನು ನೇರವಾಗಿ ನೀಲಿ ಬೆಳಕಾಗಿಸುತ್ತದೆ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಆ ನೀಲಿಯನ್ನು ಬಿಳಿಯಾಗಿಸುತ್ತದೆ. ಕೆಂಪು, ಹಸಿರು ಎಲ್‌ಇಡಿಗಳು ಎಷ್ಟೋ ಮೊದಲೇ ಬಂದಿದ್ದವು. ನೀಲಿ ಮಾತ್ರ ದಶಕಗಳ ಕಾಲ ಕೈಗೆ ಸಿಗಲಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶುಜಿ ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಸಂದಿತು.

ಅಂಗಡಿಯಲ್ಲಿ ಈಗಲೂ ‘ಎಷ್ಟು ವಾಟ್?’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ವಾಟ್ ಹೇಳುವುದು ಖರ್ಚನ್ನು. ಬೆಳಕನ್ನು ಹೇಳುವುದು ಲೂಮೆನ್. 60 ವಾಟ್‌ನ ಗುಂಡು ಬಲ್ಬು ಸುಮಾರು 700 ಲೂಮೆನ್ ಬೆಳಕು ಕೊಡುತ್ತದೆ. 14 ವಾಟ್‌ನ ಸಿಎಫ್‌ಎಲ್ ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ. ಒಳ್ಳೆಯ 9 ವಾಟ್ ಎಲ್‌ಇಡಿ 900 ಲೂಮೆನ್ ಮುಟ್ಟುತ್ತದೆ. ಪೆಟ್ಟಿಗೆಯ ಮೇಲಿನ ಲೂಮೆನ್ ಸಂಖ್ಯೆಯನ್ನು ವಾಟ್‌ನಿಂದ ಭಾಗಿಸಿದಾಗ 100ರ ಆಸುಪಾಸು ಬಂದರೆ ಆ ಬಲ್ಬು ದಕ್ಷವಾದದ್ದು.

310 ರೂಪಾಯಿಯಿಂದ 38ಕ್ಕೆ

ಒಂದು ಕಾಲಕ್ಕೆ ಎಲ್‌ಇಡಿ ಬಲ್ಬು ದುಬಾರಿ ಸಾಮಾನಾಗಿತ್ತು. ಕೇಂದ್ರ ಸರ್ಕಾರದ ಎನರ್ಜಿ ಎಫಿಷಿಯನ್ಸಿ ಸರ್ವೀಸಸ್ ಲಿಮಿಟೆಡ್ ಅಂದರೆ ಇಇಎಸ್‌ಎಲ್ 2014ರಲ್ಲಿ ಬಲ್ಬೊಂದಕ್ಕೆ 310 ರೂಪಾಯಿ ಕೊಟ್ಟು ಸಗಟು ಖರೀದಿ ಮಾಡಿತು. 2015ರ ಜನವರಿ 5ರಂದು ಮನೆಗಳಿಗೆ ಎಲ್‌ಇಡಿ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಮುಂದೆ ಅದಕ್ಕೆ ಉಜಾಲಾ ಎಂದು ಹೆಸರಾಯಿತು. ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಳ್ಳತೊಡಗಿದ ಮೇಲೆ, 2016ರ ಹೊತ್ತಿಗೆ ಖರೀದಿ ದರ 38 ರೂಪಾಯಿಗೆ ಇಳಿಯಿತು. ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬುಗಳು ಈ ದಾರಿಯಲ್ಲಿ ಮನೆ ಸೇರಿವೆ. ಕರ್ನಾಟಕದಲ್ಲಿ ಇದೇ ಕಾರ್ಯಕ್ರಮ 2015ರ ಡಿಸೆಂಬರ್‌ನಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ಕರೆಂಟ್ ಬಿಲ್ಲು ಹಿಡಿದು ನೂರು ರೂಪಾಯಿಗೊಂದು ಬಲ್ಬು ಕೊಂಡುತಂದ ನೆನಪು ಅನೇಕ ಮನೆಗಳಲ್ಲಿದೆ.

ಹೈದರಾಬಾದಿನಲ್ಲಿ ಬದಲಾವಣೆ ಮೊದಲು ಕಂಡದ್ದು ಬೀದಿಯಲ್ಲಿ. ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆ 2017ರಿಂದ ಇಇಎಸ್‌ಎಲ್ ಜೊತೆಗೂಡಿ ನಾಲ್ಕು ಲಕ್ಷಕ್ಕೂ ಹೆಚ್ಚು ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸಿತು. ಕಾಚಿಗುಡ ರೈಲು ನಿಲ್ದಾಣದ್ದು ಇನ್ನೊಂದು ಉದಾಹರಣೆ. ಅದು ನಿಜಾಮರ ಕಾಲದಲ್ಲಿ, 1916ರಲ್ಲಿ ಕಟ್ಟಿದ ಗುಮ್ಮಟಗಳ ಕಟ್ಟಡ. ಕಾಚಿಗುಡ ಹೈದರಾಬಾದ್ ಕನ್ನಡಿಗರಿಗೆ ತವರಿನಂಥ ಬಡಾವಣೆ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳು ಇರುವುದು ಇಲ್ಲೇ, ಮೈಸೂರಿನ ಕಡೆಗೆ ರೈಲು ಹತ್ತುವುದೂ ಇಲ್ಲೇ. ಹಳೆಯ ದೀಪಗಳ ಜಾಗದಲ್ಲಿ ಎಲ್‌ಇಡಿ, ಹಳೆಯ ಫ್ಯಾನುಗಳ ಜಾಗದಲ್ಲಿ ಕಡಿಮೆ ವಿದ್ಯುತ್ತಿನ ಫ್ಯಾನು, ಛಾವಣಿಗೆ ಸೌರಫಲಕ ಬಂದ ಮೇಲೆ ಎ-1 ದರ್ಜೆಯ ನಿಲ್ದಾಣಗಳ ಪೈಕಿ ದೇಶದ ಮೊದಲ ಇಂಧನದಕ್ಷ ನಿಲ್ದಾಣ ಎಂಬ ಹೆಸರು ಕಾಚಿಗುಡಕ್ಕೆ ಬಂತು. ನೂರು ವರ್ಷದ ಕಟ್ಟಡಕ್ಕೆ ಸಾಧ್ಯವಾದದ್ದು ಮೂವತ್ತು ವರ್ಷದ ಫ್ಲ್ಯಾಟಿಗೂ ಸಾಧ್ಯ.

ಮೊದಲು ಯಾವ ದೀಪ?

ಮನೆಯ ದೀಪಗಳನ್ನೆಲ್ಲ ಒಂದೇ ದಿನ ಬದಲಿಸಬೇಕಾಗಿಲ್ಲ. ಯಾವುದು ಅತಿ ಹೆಚ್ಚು ಹೊತ್ತು ಉರಿಯುತ್ತದೋ ಅದರಿಂದ ಆರಂಭಿಸಬೇಕು. ಇದಕ್ಕೊಂದು ಹಾಳೆ ಸಾಕು: ಕೋಣೆಯ ಹೆಸರು, ದೀಪದ ವಾಟ್, ದಿನಕ್ಕೆ ಉರಿಯುವ ಗಂಟೆ. ವಾಟ್ ಅನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ದಿನದ ಯೂನಿಟ್. ಮೂವತ್ತರಿಂದ ಗುಣಿಸಿದರೆ ತಿಂಗಳದ್ದು.

ಪಟ್ಟಿ ಮಾಡುವಾಗ ಎರಡು ಕಡೆ ಕಣ್ಣು ತಪ್ಪುತ್ತದೆ. ಒಂದು ಟ್ಯೂಬ್‌ಲೈಟ್. ಅದರ ಮೇಲೆ 36 ಅಥವಾ 40 ವಾಟ್ ಎಂದು ಬರೆದಿರುತ್ತದೆ. ಹಳೆಯ ತಾಮ್ರದ ಚೋಕ್ ತಾನೂ ಹತ್ತು ಹದಿನೈದು ವಾಟ್ ನುಂಗುವುದರಿಂದ ನಿಜವಾದ ಖರ್ಚು 50 ವಾಟ್‌ನ ಹತ್ತಿರ. ಅಷ್ಟೇ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗೆ 20 ವಾಟ್ ಸಾಕು.

ಎರಡನೆಯದು ದೇವರ ಮನೆಯ ಅಥವಾ ಮಲಗುವ ಕೋಣೆಯ ‘ಜೀರೋ ಬಲ್ಬು’. ಹೆಸರಿನಲ್ಲಿ ಸೊನ್ನೆ ಇದ್ದರೂ ಹಳೆಯ ಗಾಜಿನ ಜೀರೋ ಬಲ್ಬು 12ರಿಂದ 15 ವಾಟ್ ಎಳೆಯುತ್ತದೆ. ತಿರುಗುವ ಚಕ್ರದ ಹಳೆಯ ಮೀಟರುಗಳು ಇಷ್ಟು ಸಣ್ಣ ಹೊರೆಗೆ ಕದಲುತ್ತಿರಲಿಲ್ಲ, ಅದಕ್ಕೇ ಈ ಹೆಸರು ಬಂತೆಂದು ಹೇಳುವುದುಂಟು. ಈಗಿನ ಎಲೆಕ್ಟ್ರಾನಿಕ್ ಮೀಟರು ಅದನ್ನೂ ಬಿಡದೆ ಎಣಿಸುತ್ತದೆ. ರಾತ್ರಿಯಿಡೀ ಉರಿಯುವ ದೀಪವಾದ್ದರಿಂದ ಪಟ್ಟಿಯಲ್ಲಿ ಇದರ ಸ್ಥಾನ ಮೇಲೇ ಇರುತ್ತದೆ. ಅದರ ಜಾಗಕ್ಕೆ ಬರುವ ಎಲ್‌ಇಡಿ ರಾತ್ರಿದೀಪ ತೆಗೆದುಕೊಳ್ಳುವುದು ಅರ್ಧ ವಾಟ್.

ಹಳೆಯ ದೀಪಗಳು ಉಳಿದಿರುವ ಎರಡು ಕೋಣೆಯ ಮನೆಯೊಂದರ ಲೆಕ್ಕ ಹಾಕೋಣ. ತಾಮ್ರದ ಚೋಕ್ ಇರುವ ಮೂರು ಟ್ಯೂಬ್‌ಲೈಟ್, ದಿನಕ್ಕೆ ಆರು ಗಂಟೆ: ತಿಂಗಳಿಗೆ 27 ಯೂನಿಟ್. ಬಚ್ಚಲಿಗೂ ಬಾಲ್ಕನಿಗೂ ಒಂದೊಂದು 60 ವಾಟ್ ಬಲ್ಬು, ಮೂರು ಗಂಟೆ: ಸುಮಾರು 11 ಯೂನಿಟ್. ಎರಡು ಜೀರೋ ಬಲ್ಬು, ಹತ್ತು ಗಂಟೆ: 9 ಯೂನಿಟ್. ಮೂರೂ ಸೇರಿ ಹತ್ತಿರಹತ್ತಿರ 47 ಯೂನಿಟ್. ಇವೆಲ್ಲ ಎಲ್‌ಇಡಿಯಾದರೆ 13 ಯೂನಿಟ್‌ಗೆ ಇಳಿಯುತ್ತದೆ. ಉಳಿತಾಯ 34 ಯೂನಿಟ್.

ಆ ಮನೆಯ ತಿಂಗಳ ಬಳಕೆ 230 ಯೂನಿಟ್ ಇದ್ದಿದ್ದರೆ ವಿದ್ಯುತ್ ಶುಲ್ಕ 1,251 ರೂಪಾಯಿ. ಬಳಕೆ 196ಕ್ಕೆ ಇಳಿದಾಗ ಅದು 801 ರೂಪಾಯಿಯಾಗುತ್ತದೆ. ತಿಂಗಳಿಗೆ 450 ರೂಪಾಯಿ ಉಳಿಯಿತು. ಮೂರು ಎಲ್‌ಇಡಿ ಪಟ್ಟಿ, ಎರಡು ಬಲ್ಬು, ಎರಡು ರಾತ್ರಿದೀಪಕ್ಕೆ ಸುಮಾರು ಸಾವಿರದಿಂದ ಹದಿಮೂರು ನೂರು ರೂಪಾಯಿ ಖರ್ಚಾಗುತ್ತದೆ. ಮೂರು ತಿಂಗಳಲ್ಲಿ ಆ ದುಡ್ಡು ವಾಪಸು ಬರುತ್ತದೆ. ಬಳಕೆ 300 ಯೂನಿಟ್ ಇರುವ ಮನೆಯಲ್ಲಿ ಅದೇ 34 ಯೂನಿಟ್ ಉಳಿಸುವುದು 262 ರೂಪಾಯಿ. ಅಲ್ಲೂ ಲಾಭವೇ, ಆದರೆ ಮೆಟ್ಟಿಲಿಳಿಯುವ ಲಾಭ ಇಲ್ಲ. ದರಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಲೆಕ್ಕಕ್ಕೆ ಕೂರುವ ಮುನ್ನ ಕೈಯಲ್ಲಿರುವ ಬಿಲ್ಲಿನ ದರವನ್ನೇ ನೋಡಿಕೊಳ್ಳಬೇಕು.

ಬಿಲ್ಲಿನಲ್ಲಿ ಕಾಣದ ಉಳಿತಾಯವೂ ಒಂದಿದೆ. ನಮ್ಮ ದೇಶದ ಉಷ್ಣ ಸ್ಥಾವರಗಳಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಆರೇಳು ನೂರು ಗ್ರಾಂ ಕಲ್ಲಿದ್ದಲು ಬೇಕು. ತೆಲಂಗಾಣದ ಸ್ಥಾವರಗಳಿಗೂ ರಾಯಚೂರಿನ ಸ್ಥಾವರಕ್ಕೂ ಸಿಂಗರೇಣಿ ಗಣಿಗಳ ಕಲ್ಲಿದ್ದಲು ಹೋಗುತ್ತದೆ. ಆ ಒಂದು ಮನೆಯ 34 ಯೂನಿಟ್ ಎಂದರೆ ತಿಂಗಳಿಗೆ ಇಪ್ಪತ್ತು ಕಿಲೊಗೂ ಹೆಚ್ಚು ಕಲ್ಲಿದ್ದಲು ಸುಡುವುದು ತಪ್ಪಿತು ಎಂದು.

ಅಂಗಡಿಯಲ್ಲಿ ನೋಡಬೇಕಾದದ್ದು

ಕೋಠಿಯ ಟ್ರೂಪ್ ಬಜಾರ್ ಮತ್ತು ಸಿಕಂದರಾಬಾದಿನ ರಾಣಿಗಂಜ್ ಹೈದರಾಬಾದಿನ ಎಲೆಕ್ಟ್ರಿಕಲ್ ಸಾಮಾನಿನ ದೊಡ್ಡ ಪೇಟೆಗಳು. ಎಲ್ಲ ಬೆಲೆಯ, ಎಲ್ಲ ಗುಣಮಟ್ಟದ ಬಲ್ಬೂ ಇಲ್ಲಿ ಸಿಗುತ್ತದೆ. ಆದ್ದರಿಂದಲೇ ನೋಡಿ ಕೊಳ್ಳಬೇಕು. 2017ರಲ್ಲಿ ನೀಲ್ಸನ್ ಸಂಸ್ಥೆ ದೆಹಲಿ, ಮುಂಬೈ, ಅಹಮದಾಬಾದ್, ಹೈದರಾಬಾದ್ ಈ ನಾಲ್ಕು ನಗರಗಳ 200 ಅಂಗಡಿಗಳಲ್ಲಿ ಸಮೀಕ್ಷೆ ನಡೆಸಿದಾಗ ಎಲ್‌ಇಡಿ ಬಲ್ಬಿನ ಬ್ರ್ಯಾಂಡ್‌ಗಳಲ್ಲಿ ನೂರಕ್ಕೆ 76ರಷ್ಟು ಸುರಕ್ಷತಾ ಮಾನದಂಡಕ್ಕೆ ಸರಿಹೊಂದಿರಲಿಲ್ಲ.

ಅಂಥ ಬಲ್ಬಿನ ದೋಷ ಒಳಗಿರುತ್ತದೆ. ಎಲ್‌ಇಡಿಯಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಚಿಪ್ ಅಲ್ಲ, ಬುಡದಲ್ಲಿ ಕೂತಿರುವ ಡ್ರೈವರ್. 230 ವೋಲ್ಟ್ ಎಸಿಯನ್ನು ಚಿಪ್ ತಾಳುವ ಡಿಸಿಯಾಗಿ ಬದಲಿಸುವ ಪುಟ್ಟ ಸರ್ಕೀಟು ಅದು. ಅಗ್ಗದ ಬಲ್ಬಿನಲ್ಲಿ ಅಗ್ಗದ ಕೆಪಾಸಿಟರ್ ಹಾಕಿರುತ್ತಾರೆ, ಬಿಸಿಯನ್ನು ಹೊರಗೊಯ್ಯುವ ಲೋಹ ಸಾಲದಿರುತ್ತದೆ. ಪೆಟ್ಟಿಗೆಯ ಮೇಲೆ 25,000 ಗಂಟೆ ಎಂದಿದ್ದರೂ, ಅಂದರೆ ದಿನಕ್ಕೆ ಐದು ಗಂಟೆಯಂತೆ ಹದಿಮೂರು ವರ್ಷ, ಅದು ಆರು ತಿಂಗಳಿಗೆ ಮಿಟುಕತೊಡಗುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ನಾಲ್ಕು ವಿಷಯ ಹುಡುಕಬೇಕು. ಮೊದಲನೆಯದು ಭಾರತೀಯ ಮಾನಕ ಬ್ಯೂರೊದ ಗುರುತು: ಐಎಸ್ 16102 ಎಂಬ ಮಾನಕ ಸಂಖ್ಯೆ, ಜೊತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ವಿವರ ಸಿಗುತ್ತದೆ. ಎರಡನೆಯದು ಇಂಧನ ದಕ್ಷತಾ ಬ್ಯೂರೊದ ಸ್ಟಾರ್ ಚೀಟಿ; ಎಲ್‌ಇಡಿ ಬಲ್ಬಿಗೆ ಇದು 2018ರ ಜನವರಿಯಿಂದ ಕಡ್ಡಾಯ. ಮೂರನೆಯದು ವೋಲ್ಟೇಜ್ ವ್ಯಾಪ್ತಿ. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ವೋಲ್ಟೇಜ್ ಏರಿಳಿಯುವ ಬಡಾವಣೆಗಳಿಗೆ 100ರಿಂದ 300 ವೋಲ್ಟ್ ತಾಳುವ ಬಲ್ಬು ಒಳ್ಳೆಯದು. ನಾಲ್ಕನೆಯದು ವಾರಂಟಿ. ಬಿಲ್ಲು ಕೇಳಿ ಪಡೆಯಬೇಕು. ಹಾಕಿದ ದಿನವನ್ನು ಬಲ್ಬಿನ ಬುಡದಲ್ಲೇ ಮಾರ್ಕರ್ ಪೆನ್ನಿನಿಂದ ಬರೆದಿಟ್ಟರೆ ವಾರಂಟಿ ಅವಧಿಯೊಳಗೆ ಕೆಟ್ಟಾಗ ಅಂಗಡಿಯವರ ಜೊತೆ ವಾದವಿರುವುದಿಲ್ಲ.

ಬಲ್ಬು ಕಣ್ಣಿಗೆ ಕಾಣದಂತೆ ಮಿನುಗುತ್ತದೆಯೇ ಎಂದು ತಿಳಿಯಲು ಅಂಗಡಿಯಲ್ಲೇ ಅದನ್ನು ಉರಿಸಿ ಮೊಬೈಲ್ ಕ್ಯಾಮೆರಾ ಹಿಡಿದು ನೋಡಬಹುದು. ಪರದೆಯ ಮೇಲೆ ಕಪ್ಪು ಪಟ್ಟೆಗಳು ದಟ್ಟವಾಗಿ ಓಡಿದರೆ ಓದುವ ಮೇಜಿಗೆ ಆ ಬಲ್ಬು ಬೇಡ.

ಬಣ್ಣದ ವಿಚಾರ

ಎಲ್‌ಇಡಿ ಹಾಕಿದ ಮೇಲೆ ಮನೆ ಆಸ್ಪತ್ರೆಯಂತೆ ಕಾಣುತ್ತದೆ ಎಂದು ದೂರುವವರಿದ್ದಾರೆ. ಅದು ಬಣ್ಣ ನೋಡದೆ ಕೊಂಡದ್ದರ ಫಲ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಬರೆದಿರುತ್ತಾರೆ. 2700ರಿಂದ 3000 ಕೆಲ್ವಿನ್ ಎಂದರೆ ಗುಂಡು ಬಲ್ಬಿನ ಹಳದಿ ಬೆಳಕು. ಮಲಗುವ ಕೋಣೆಗೆ, ದೇವರ ಮನೆಗೆ, ಊಟದ ಮೇಜಿಗೆ ಹಿತ. 4000 ಕೆಲ್ವಿನ್ ನಡುವಿನದು; ಅಡುಗೆಮನೆಗೂ ಓದುವ ಜಾಗಕ್ಕೂ ಹೊಂದುತ್ತದೆ. 6500 ಕೆಲ್ವಿನ್ ಟ್ಯೂಬ್‌ಲೈಟಿನಂಥ ನೀಲಿಛಾಯೆಯ ಬಿಳಿ. ಕೇಳದೆ ಹೋದರೆ ಅಂಗಡಿಯವರು ಕೈಗೆ ಕೊಡುವುದು ಸಾಮಾನ್ಯವಾಗಿ ಇದನ್ನೇ.

ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ. 80ಕ್ಕಿಂತ ಕಡಿಮೆ ಇದ್ದರೆ ಸೀರೆಯ ಬಣ್ಣವೂ ತರಕಾರಿಯ ಬಣ್ಣವೂ ಮಂಕಾಗುತ್ತವೆ. ಮನೆಯಲ್ಲಿ ಹಿರಿಯರಿದ್ದರೆ ಬಚ್ಚಲು, ಮೆಟ್ಟಿಲು, ಓಡಾಡುವ ದಾರಿಗಳಲ್ಲಿ ಉಳಿತಾಯಕ್ಕೆಂದು ಬೆಳಕನ್ನು ಕಡಿಮೆ ಮಾಡಬಾರದು. ವಯಸ್ಸಾದ ಕಣ್ಣಿಗೆ ಹೆಚ್ಚು ಬೆಳಕು ಬೇಕು, 9ರ ಬದಲು 12 ವಾಟ್ ಹಾಕಿದರೂ ಹಳೆಯ ಬಲ್ಬಿನ ಐದನೇ ಒಂದು ಪಾಲು ಖರ್ಚು ಅಷ್ಟೆ.

ಹಾಕುವಾಗ

ನಮ್ಮ ಮನೆಗಳ ಪಿನ್ ಹೋಲ್ಡರಿಗೆ ಎಲ್‌ಇಡಿ ಬಲ್ಬು ನೇರವಾಗಿ ಕೂರುತ್ತದೆ. ಸ್ವಿಚ್ ಆರಿಸಿ, ಹಳೆಯ ಬಲ್ಬು ತಣ್ಣಗಾದ ಮೇಲೆ ಬದಲಿಸಿದರಾಯಿತು. ಟ್ಯೂಬ್‌ಲೈಟ್ ವಿಷಯದಲ್ಲಿ ಹಳೆಯ ಪಟ್ಟಿಯನ್ನು ಚೋಕ್, ಸ್ಟಾರ್ಟರ್ ಸಮೇತ ತೆಗೆದು ಹೊಸ ಎಲ್‌ಇಡಿ ಪಟ್ಟಿ ಕೂರಿಸುವುದು ಉತ್ತಮ. ಈ ಕೆಲಸವನ್ನು ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು.

ಸುತ್ತ ಗಾಜು ಮುಚ್ಚಿದ ದೀಪದ ಬುಡ್ಡಿಯೊಳಗೆ ದೊಡ್ಡ ವಾಟ್‌ನ ಎಲ್‌ಇಡಿ ಹಾಕಿದರೆ ಬಿಸಿ ಹೊರಹೋಗದೆ ಆಯುಷ್ಯ ಕುಗ್ಗುತ್ತದೆ. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇರುವ ಕಡೆ ‘ಡಿಮ್ಮಬಲ್’ ಎಂದು ಬರೆದ ಬಲ್ಬೇ ಬೇಕು. ಸ್ವಿಚ್ ಆರಿಸಿದ ಮೇಲೂ ಬಲ್ಬು ಮಂದವಾಗಿ ಹೊಳೆಯುತ್ತಿದ್ದರೆ ಗಾಬರಿ ಬೇಡ, ಆದರೆ ಕಡೆಗಣಿಸುವುದೂ ಬೇಡ. ಸ್ವಿಚ್ಚಿನಲ್ಲಿರುವ ಸೂಚಕ ದೀಪದ ಸೋರಿಕೆಯಿಂದ ಹೀಗಾಗಬಹುದು. ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಸ್ವಿಚ್ ಕೊಟ್ಟಿದ್ದರೂ ಹೀಗಾಗಬಹುದು. ಎರಡನೆಯದು ಅಪಾಯಕಾರಿ, ಸರಿಪಡಿಸಲೇಬೇಕು.

ಬಾಡಿಗೆ ಮನೆಯಲ್ಲಿರುವವರು ಹಳೆಯ ಬಲ್ಬುಗಳನ್ನು ಒಂದು ಡಬ್ಬಿಯಲ್ಲಿ ತೆಗೆದಿಟ್ಟರೆ ಒಳ್ಳೆಯದು. ಮನೆ ಬಿಡುವಾಗ ಅವನ್ನು ಮತ್ತೆ ಹಾಕಿ ಎಲ್‌ಇಡಿಗಳನ್ನು ಜೊತೆಗೆ ಒಯ್ಯಬಹುದು. ಇನ್ವರ್ಟರ್ ಇರುವ ಮನೆಗೆ ಇನ್ನೂ ಒಂದು ಅನುಕೂಲ: ನಾಲ್ಕು ಹಳೆಯ ಟ್ಯೂಬ್‌ಲೈಟ್ ಎಂದರೆ ಬ್ಯಾಟರಿಯ ಮೇಲೆ 200 ವಾಟ್ ಹೊರೆ, ನಾಲ್ಕು ಎಲ್‌ಇಡಿ ಪಟ್ಟಿ ಎಂದರೆ 80. ಕರೆಂಟು ಹೋದ ರಾತ್ರಿ ಬೆಳಕು ಎರಡರಷ್ಟಕ್ಕೂ ಹೆಚ್ಚು ಹೊತ್ತು ನಿಲ್ಲುತ್ತದೆ.

ತೆಗೆದುಹಾಕಿದ ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟನ್ನು ಮಾತ್ರ ಕಸದ ಬುಟ್ಟಿಗೆ ಎಸೆಯಬಾರದು. ಅವುಗಳಲ್ಲಿ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ. ಹೊಸ ಬಲ್ಬಿನ ಪೆಟ್ಟಿಗೆಯಲ್ಲೇ ಹಳೆಯದನ್ನು ಸುತ್ತಿಟ್ಟು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಬೇಕು. ಕಸ ಒಯ್ಯುವ ಸ್ವಚ್ಛ ಆಟೊಗೆ ಕೊಡುವುದಾದರೆ ಹಸಿ ಕಸಕ್ಕೆ ಸೇರಿಸದೆ, ಏನೆಂದು ಬಾಯಿಬಿಟ್ಟು ಹೇಳಿ ಬೇರೆಯಾಗಿ ಕೊಡಬೇಕು. ಮನೆಯೊಳಗೆ ಒಡೆದರೆ ಕಿಟಕಿ ತೆರೆದು, ಫ್ಯಾನು ಆರಿಸಿ, ಹತ್ತು ಹದಿನೈದು ನಿಮಿಷ ಹೊರಗಿದ್ದು, ಆಮೇಲೆ ಗಟ್ಟಿ ಕಾಗದದಿಂದ ಚೂರುಗಳನ್ನು ಎತ್ತಬೇಕು. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು. ಪಾದರಸದ ಆವಿ ಹರಡುತ್ತದೆ.

ದೀಪದ ನಂತರ ಫ್ಯಾನು

ಎಲ್ಲ ದೀಪ ಎಲ್‌ಇಡಿಯಾದ ಮೇಲೂ ಬಳಕೆ ಇನ್ನೂರು ಯೂನಿಟ್‌ನ ಮೇಲೇ ನಿಂತರೆ ಮುಂದಿನ ನೋಟ ಫ್ಯಾನಿನತ್ತ ಹೋಗಬೇಕು. ಹಳೆಯ ಸೀಲಿಂಗ್ ಫ್ಯಾನು 75 ವಾಟ್ ತೆಗೆದುಕೊಳ್ಳುತ್ತದೆ; ಬಿಎಲ್‌ಡಿಸಿ ಮೋಟಾರಿನದು 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಒಂದು ಫ್ಯಾನು ಬದಲಿಸಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಚೀಟಿ ಕಡ್ಡಾಯವಾಗಿದೆ. ಫ್ಯಾನಿನ ಬೆಲೆ ಹೆಚ್ಚಾದ್ದರಿಂದ, ದೀಪಗಳಲ್ಲಿ ಉಳಿಸಿದ ದುಡ್ಡಿನಲ್ಲಿ ಬೇಸಿಗೆಗೊಂದರಂತೆ ಬದಲಿಸುತ್ತ ಹೋಗಬಹುದು.

ಆರಂಭಕ್ಕೆ ಬೇಕಾದದ್ದು ಕಳೆದ ಹನ್ನೆರಡು ತಿಂಗಳ ಬಿಲ್ಲು. ಅವುಗಳಲ್ಲಿ ಎಷ್ಟು ತಿಂಗಳು ನೂರರ ಅಥವಾ ಇನ್ನೂರರ ಗೆರೆಯನ್ನು ಸ್ವಲ್ಪದರಲ್ಲೇ ದಾಟಿವೆ ಎಂದು ಎಣಿಸಿ. ಇಂದು ರಾತ್ರಿ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಅತಿ ಹೆಚ್ಚು ಹೊತ್ತು ಉರಿಯುವ ಮೂರು ದೀಪಗಳನ್ನು ಈ ವಾರ ಬದಲಿಸಿ, ಮೂವತ್ತು ದಿನದ ನಂತರ ಅಂಕಿಯನ್ನು ಮತ್ತೆ ನೋಡಿ.